ಗೂಗಲ್‌ನಲ್ಲಿ ಮೇಲೆ ಬರೋಕೆ ತಿಂಗಳಾ ತಿಂಗಳಾ ದುಡ್ಡು ಕಟ್ಟಬೇಕಾ?

ನಮಸ್ಕಾರ. ಅಂಗಡಿಗೆ ಬೋರ್ಡ್ ಹಾಕಿ, ಜಿಎಸ್‌ಟಿ ನಂಬರ್ ಮಾಡಿಸಿ ಇನ್ನೂ ಉಸಿರು ಬಿಟ್ಟಿರುವುದಿಲ್ಲ, ಫೋನ್ ಬರುತ್ತದೆ. "ಸರ್, ನಿಮ್ಮ ಅಂಗಡಿ ಗೂಗಲ್‌ನಲ್ಲಿ ಕಾಣಿಸುತ್ತಿಲ್ಲ. ನಾವು ಎಸ್‌ಇಒ ಮಾಡುತ್ತೇವೆ. ಫಸ್ಟ್ ಪೇಜ್ ಗ್ಯಾರಂಟಿ. ತಿಂಗಳಿಗೆ ಹತ್ತೇ ಸಾವಿರ." ಎಸ್‌ಇಒ ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ನಿಮ್ಮ ಹೆಸರು ಮೇಲೆ ಬರುವಂತೆ ಮಾಡುವ ಕೆಲಸ. ಕೆಲವರಂತೂ ಗೂಗಲ್‌ನಿಂದಲೇ ಮಾತಾಡುತ್ತಿದ್ದೇವೆ ಎಂದೂ ಹೇಳಿಬಿಡುತ್ತಾರೆ.

ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ಲೇ ಬರೆದುಕೊಂಡಿದೆ. ಹಾಗಾಗಿ ಗ್ಯಾರಂಟಿ ಅಂದವರ ಫೋನ್ ಅಲ್ಲಿಗೇ ಇಟ್ಟುಬಿಡಿ. ಆದರೆ ಎಸ್‌ಇಒ ಅನ್ನುವುದೇ ಸುಳ್ಳಾ? ಅಲ್ಲ. ನಾನು ಹೇಳುವುದು ಇಷ್ಟು: ಗಿರಾಕಿ ಅದೇ ಊರಿನವರಾದರೆ ತಿಂಗಳಾ ತಿಂಗಳಾ ಕಟ್ಟುವ ಈ ಪ್ಯಾಕೇಜ್ ದಂಡ. ಗಿರಾಕಿ ಎಲ್ಲೋ ದೂರದಲ್ಲಿ ಕೂತು ಹುಡುಕುವ ವ್ಯಾಪಾರವಾದರೆ ದುಡ್ಡು ಕೊಡಿ, ಆದರೆ ಕಣ್ಣಿಗೆ ಕಾಣುವ ಕೆಲಸಕ್ಕೆ ಕೊಡಿ.

ದಾವಣಗೆರೆಯಲ್ಲಿ ನಿಮ್ಮದೊಂದು ಗಾಣದ ಎಣ್ಣೆ ಅಂಗಡಿ ಇದೆ ಅಂತ ಇಟ್ಟುಕೊಳ್ಳಿ. ಶೇಂಗಾ, ಕುಸುಬೆ, ಕೊಬ್ಬರಿ. ಲೀಟರಿಗೆ 50 ರೂಪಾಯಿ ಉಳಿಯುತ್ತದೆ ಅನ್ನೋಣ. ತಿಂಗಳಿಗೆ 10,000 ಕಟ್ಟಿದರೆ, ಬರೀ ಆ ಫೀಸ್ ಹುಟ್ಟಬೇಕಾದರೇ 200 ಲೀಟರ್ ಜಾಸ್ತಿ ಮಾರಬೇಕು. ಪ್ರತಿ ತಿಂಗಳೂ. ಅದೂ ಗೂಗಲ್ ನೋಡಿಕೊಂಡು ಬಂದವರಿಗೇ.

ಅಂಥ ಗಿರಾಕಿ ಅಂಗಡಿ ಹುಡುಕುವುದು ಗೂಗಲ್ ಮ್ಯಾಪ್‌ನಲ್ಲಿ. ಅಲ್ಲಿ ಯಾರು ಮೇಲೆ ಬರಬೇಕು ಅನ್ನುವುದಕ್ಕೆ ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ. ಅವರು ಕೇಳಿದ್ದಕ್ಕೆ ನಿಮ್ಮ ಅಂಗಡಿ ಎಷ್ಟು ಹೊಂದುತ್ತದೆ, ಅವರಿಂದ ಎಷ್ಟು ದೂರ ಇದೆ, ಎಷ್ಟು ಹೆಸರು ಮಾಡಿದೆ. ಆ ದೂರವನ್ನು ಯಾವ ಏಜೆನ್ಸಿಯೂ ಕಡಿಮೆ ಮಾಡಲಾರದು. ಇಲ್ಲೇ ಒಂದು ಕೈಚಳಕವೂ ನಡೆಯುತ್ತದೆ. ಏಜೆನ್ಸಿಯ ಹುಡುಗ ನಿಮ್ಮ ಗಲ್ಲಾದ ಮುಂದೆ ನಿಂತು, ನಿಮ್ಮ ಮೊಬೈಲ್‌ನಲ್ಲೇ ಹುಡುಕಿ, "ನೋಡಿ ಸರ್, ನಂಬರ್ ಒನ್" ಅಂತ ತೋರಿಸುತ್ತಾನೆ. ಅಂಗಡಿಯೊಳಗೇ ನಿಂತು ಹುಡುಕಿದರೆ ಹತ್ತಿರದ ಅಂಗಡಿ ಇನ್ಯಾವುದು ಬರಬೇಕು ಮಾರಾಯ್ರೇ? ಇನ್ನು ಕೆಲವರು ನಿಮ್ಮ ಅಂಗಡಿಯ ಹೆಸರನ್ನೇ ಟೈಪ್ ಮಾಡಿ ಮೊದಲನೇ ಸ್ಥಾನ ತೋರಿಸುತ್ತಾರೆ. ಹೆಸರು ಗೊತ್ತಿದ್ದವನು ಹೇಗೂ ಬರುತ್ತಿದ್ದ, ಅಲ್ವಾ?

ಆ ಅಂಗಡಿಗೆ ಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ವಿವರ. 2021ರವರೆಗೆ ಇದನ್ನೇ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು. ಪುಕ್ಕಟೆ. ಗಿರಾಕಿ ಕಡಿಮೆ ಇರುವ ಒಂದು ಮಧ್ಯಾಹ್ನ ಕೂತು ನೀವೇ ತುಂಬಬಹುದು. ಮ್ಯಾಪ್‌ನ ಪಿನ್ ನಿಮ್ಮ ಬಾಗಿಲ ಮುಂದೆ ಇದೆಯಾ, ಹಿಂದಿನ ಗಲ್ಲಿಯಲ್ಲಿ ಬಿದ್ದಿದೆಯಾ ನೋಡಿ. ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತೀರಾದರೆ ಹಾಗೇ ಬರೆಯಿರಿ. ಬಿಸಿಲಲ್ಲಿ ಕ್ಯಾನ್ ಹಿಡಿದುಕೊಂಡು ಬಂದು ಬೀಗ ನೋಡಿದವರು ಇನ್ನೊಮ್ಮೆ ಬರುವುದಿಲ್ಲ. ಗಾಣ ತಿರುಗುವ ಫೋಟೋ ಹಾಕಿ. ಇವತ್ತಿನ ದರದ ಬೋರ್ಡಿನ ಫೋಟೋ ಹಾಕಿ. ಎಣ್ಣೆ ಒಯ್ಯುವವರಿಗೆ, "ಅಕ್ಕಾ, ಹೇಗಿತ್ತು ಅಂತ ಗೂಗಲ್‌ನಲ್ಲಿ ಎರಡು ಮಾತು ಬರೀರಿ" ಅಂತ ಕೇಳಿ. ಕನ್ನಡದಲ್ಲೇ ಬರೆಯಲಿ, ಚೆನ್ನಾಗಿರುತ್ತದೆ. ರಿವ್ಯೂ ಬರೆದರೆ ಅರ್ಧ ಲೀಟರ್ ಫ್ರೀ ಅಂತ ಮಾತ್ರ ಹೇಳಬೇಡಿ. ಅದು ಗೂಗಲ್ ನಿಯಮಕ್ಕೆ ವಿರುದ್ಧ. ಅಂಗಡಿ ಹೆಸರಿನ ಹಿಂದೆ "ಬೆಸ್ಟ್ ಗಾಣದ ಎಣ್ಣೆ ದಾವಣಗೆರೆ" ಅಂತ ಬಾಲ ಅಂಟಿಸುವುದೂ ಅಷ್ಟೇ. ಪ್ರೊಫೈಲೇ ಸಸ್ಪೆಂಡ್ ಆಗಬಹುದು.

ಈಗ ಸಕಲೇಶಪುರದ ಕಡೆ ಬನ್ನಿ. ಕಾಫಿ ತೋಟದ ನಡುವೆ ನಾಲ್ಕು ಕೋಣೆಯ ಹೋಮ್‌ಸ್ಟೇ. ಇಲ್ಲಿ ಲೆಕ್ಕವೇ ಬೇರೆ. ಅತಿಥಿಗಳು ಇರುವುದು ಬೆಂಗಳೂರಿನಲ್ಲಿ. ಬುಕಿಂಗ್ ಆ್ಯಪ್ ಮೂಲಕ ಬಂದರೆ ಪ್ರತಿ ಸಲವೂ ಕಮಿಷನ್ ಹೋಗುತ್ತದೆ. ನೇರವಾಗಿ ಫೋನ್ ಮಾಡಿದರೆ ಅದು ಉಳಿಯುತ್ತದೆ. ಹಾಗಾಗಿ ಇಲ್ಲಿ ದುಡ್ಡು ಹಾಕುವುದರಲ್ಲಿ ಅರ್ಥ ಇದೆ.

ಆದರೆ ಯಾವುದಕ್ಕೆ? "ಸಕಲೇಶಪುರ ಹೋಮ್‌ಸ್ಟೇ" ಅಂತ ಹುಡುಕಿ ನೋಡಿ, ದೊಡ್ಡ ಬುಕಿಂಗ್ ಸೈಟ್‌ಗಳೇ ಸಾಲಾಗಿ ಕೂತಿರುತ್ತವೆ. ಅವರ ಜೊತೆ ಕುಸ್ತಿಗೆ ಇಳಿಯಬೇಡಿ. ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಇದೆ. ನಿಮ್ಮ ವಾಟ್ಸಾಪ್ ತೆಗೆದು ನೋಡಿ, ಬರುವವರು ಏನೇನು ಕೇಳುತ್ತಾರೆ? ಕೊನೆಯ ಕಚ್ಚಾ ರಸ್ತೆಯಲ್ಲಿ ಸಣ್ಣ ಕಾರು ಬರುತ್ತದಾ, ಇಲ್ಲ ನೀವೇ ಜೀಪ್ ಕಳಿಸುತ್ತೀರಾ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ? ಜುಲೈನಲ್ಲಿ ಬಂದರೆ ಉಂಬಳದ ಕಾಟ ಎಷ್ಟು? ಮಂಜರಾಬಾದ್ ಕೋಟೆ ಎಷ್ಟು ದೂರ, ಮೂಕನಮನೆ ಜಲಪಾತಕ್ಕೆ ಮಳೆಗಾಲದಲ್ಲಿ ಹೋಗಬಹುದಾ? ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ, ಕೆಳಗೆ ಕೋಣೆ ಇದೆಯಾ? ಇವಕ್ಕೆಲ್ಲ ನಿಮ್ಮ ಸೈಟಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ನೇರ ಉತ್ತರ ಬರೆದು ಹಾಕಿ. ನನ್ನ ಪ್ರಕಾರ ಎಸ್‌ಇಒದಲ್ಲಿ ಮುಕ್ಕಾಲು ಪಾಲು ಕೆಲಸ ಇದೇ. ಇದನ್ನು ಏಜೆನ್ಸಿಯವರು ಬರೆಯಲಾರರು. ಅವರಿಗೆ ನಿಮ್ಮ ರಸ್ತೆ ಗೊತ್ತಿಲ್ಲ.

ಉಳಿದ ಕಾಲು ಪಾಲಿಗೆ ತಿಳಿದವರು ಬೇಕು. ಒಂದೊಂದು ಫೋಟೋ ಐದೈದು ಎಂಬಿ ಇದ್ದು, ಮೊಬೈಲ್‌ನಲ್ಲಿ ಸೈಟ್ ತೆರೆಯುವುದೇ ಇಲ್ಲ. ಎಲ್ಲ ಪುಟಕ್ಕೂ "ಹೋಮ್" ಅಂತಲೇ ಹೆಸರು. ಇನ್ನೊಂದು ತಮಾಷೆ ಇದೆ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ಸರ್ಚ್ ಎಂಜಿನ್‌ಗಳು ಈ ಸೈಟ್ ನೋಡುವುದು ಬೇಡ ಅನ್ನುವ ಒಂದು ಟಿಕ್ ಗುರುತು ಇರುತ್ತದೆ. ಸೈಟ್ ಕಟ್ಟುವಾಗ ಅದನ್ನು ಹಾಕಿ, ಆಮೇಲೆ ತೆಗೆಯುವುದನ್ನೇ ಮರೆತುಬಿಡುತ್ತಾರೆ. ಮಾಲೀಕರು ಗೂಗಲ್‌ನಲ್ಲಿ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಂಡು ಕೂತಿರುತ್ತಾರೆ. ಇಂಥದ್ದನ್ನು ಹುಡುಕಿ ಸರಿಮಾಡಿ, ಗೂಗಲ್‌ನಲ್ಲಿ ಸೈಟ್ ಹೇಗೆ ಕಾಣಿಸುತ್ತಿದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಜೋಡಿಸಿ, ಅದನ್ನು ಓದುವುದು ಹೇಗೆ ಅಂತ ಕೂರಿಸಿ ಹೇಳಿಕೊಡುವವರು ಸಿಕ್ಕರೆ ಚೌಕಾಸಿ ಮಾಡದೆ ಕೊಡಿ. ಒಂದು ಸಲದ ಕೆಲಸ, ಒಂದು ಸಲದ ಬಿಲ್.

ಫಲ ನಾಳೆಯೇ ಬರುವುದಿಲ್ಲ. ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲ್ ಹೇಳುತ್ತದೆ. ಮೂರನೇ ವಾರಕ್ಕೇ ಜಗಳ ತೆಗೆಯುವ ಮಾಲೀಕರೂ ಇದ್ದಾರೆ, ಅದೂ ತಪ್ಪು.

ತಿಂಗಳಾ ತಿಂಗಳಾ ಕೊಟ್ಟರೂ ಗಿಟ್ಟುವ ವ್ಯಾಪಾರ ಇಲ್ಲವೇ? ಇದೆ. ಬೆಂಗಳೂರಿನ ಇಂದಿರಾನಗರದಲ್ಲಿ ಹಲ್ಲಿನ ಕ್ಲಿನಿಕ್ ಇದ್ದರೆ ಪೈಪೋಟಿ ಜೋರು, ಒಬ್ಬ ಇಂಪ್ಲಾಂಟ್ ಪೇಷಂಟ್ ಬಂದರೂ ಫೀಸ್ ಹುಟ್ಟುತ್ತದೆ. ಅವರು ಲೆಕ್ಕ ಹಾಕಿಕೊಳ್ಳಲಿ.

ಆದರೆ ಯಾರೇ ಆಗಲಿ, "ಐನೂರು ಬ್ಯಾಕ್‌ಲಿಂಕ್ ಕೊಡುತ್ತೇವೆ" ಅಂದರೆ ಹುಷಾರು. ಬ್ಯಾಕ್‌ಲಿಂಕ್ ಅಂದರೆ ಬೇರೆ ಸೈಟ್‌ಗಳಿಂದ ನಿಮ್ಮ ಸೈಟಿಗೆ ಇರುವ ಲಿಂಕ್. 2011ರಲ್ಲಿ ಅಮೆರಿಕದ ಜೆಸಿ ಪೆನ್ನಿಯಂಥ ದೊಡ್ಡ ಕಂಪನಿಯೇ ಸಿಕ್ಕಿಬಿದ್ದಿತ್ತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಅದಕ್ಕೆ ಲಿಂಕ್‌ಗಳಿದ್ದವು. ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು, ಗೂಗಲ್ ಅದನ್ನು ಕೆಳಕ್ಕೆ ತಳ್ಳಿತು. ನಮಗೆ ಗೊತ್ತೇ ಇರಲಿಲ್ಲ ಅಂತ ಕಂಪನಿ ತನ್ನ ಎಸ್‌ಇಒ ಏಜೆನ್ಸಿಯನ್ನು ಕೈಬಿಟ್ಟಿತು. ಗೊತ್ತಿರಲಿ ಬಿಡಲಿ, ಪೆಟ್ಟು ಬಿದ್ದದ್ದು ಕಂಪನಿಗೇ.

ಕೊನೆಗೆ ಬೀಗದ ಕೈ ವಿಷಯ. ಡೊಮೈನ್, ಅಂದರೆ ನಿಮ್ಮ ಸೈಟಿನ ವಿಳಾಸ, ನಿಮ್ಮ ಹೆಸರಿನಲ್ಲೇ ಇರಲಿ. ಬಿಸಿನೆಸ್ ಪ್ರೊಫೈಲ್ ನಿಮ್ಮ ಜಿಮೇಲ್‌ನಲ್ಲಿರಲಿ, ಏಜೆನ್ಸಿಯವರನ್ನು ಮ್ಯಾನೇಜರ್ ಅಂತ ಸೇರಿಸಿದರೆ ಸಾಕು. ಇಲ್ಲದಿದ್ದರೆ ಫೀಸ್ ನಿಲ್ಲಿಸಿದ ದಿನ ನಿಮ್ಮ ಅಂಗಡಿಯ ಫೋನ್ ನಂಬರ್ ಬದಲಾಯಿಸೋಕೂ ಅವರನ್ನೇ ಬೇಡಿಕೊಳ್ಳಬೇಕಾಗುತ್ತದೆ. ಈಗಾಗಲೇ ಯಾರಿಗಾದರೂ ದುಡ್ಡು ಕಟ್ಟುತ್ತಿದ್ದರೆ, ಇವತ್ತೇ ಡೊಮೈನ್‌ನ ಬಿಲ್ ಹುಡುಕಿ. ಸಿಗದಿದ್ದರೆ ನಾಳೆ ಬೆಳಿಗ್ಗೆ ಅವರಿಗೆ ನೀವೇ ಫೋನ್ ಮಾಡಿ.