ಪ್ರಾಗ್: ಹತ್ತೋದು ಟ್ರಾಮಿನಲ್ಲಿ, ಇಳಿಯೋದು ಕಾಲಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮಲ್ಲಿ ಕೆಲವರ ಮಗನೋ ಮಗಳೋ ಜರ್ಮನಿಯಲ್ಲಿ ಕೆಲಸದಲ್ಲಿರಬಹುದು. ಅವರ ಮನೆಗೆ ಹೋದಾಗ ಒಂದು ದಿನ ಹೇಳುತ್ತಾರೆ, "ಅಪ್ಪಾ, ಈ ಶನಿವಾರ ಪ್ರಾಗ್ ನೋಡಿಕೊಂಡು ಬರೋಣ." ಡ್ರೆಸ್ಡೆನ್ ಕಡೆಯಿಂದಾದರೆ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಅಜ್ಜಿ, ತಾತ, ಮೊಮ್ಮಕ್ಕಳು, ಮಗುವಿನ ತಳ್ಳುಗಾಡಿ, ನೀರಿನ ಬಾಟಲಿ, ಚಕ್ಕುಲಿ ಡಬ್ಬಿ, ಎಲ್ಲ ಸಮೇತ ಸವಾರಿ ಹೊರಡುತ್ತದೆ. ನನ್ನ ಇವತ್ತಿನ ಮಾತು ಅವರಿಗೆ.

ಪ್ರಾಗ್ ಅಂದರೆ ಚೆಕ್ ದೇಶದ ರಾಜಧಾನಿ. ಊರಿನ ನಡುವೆ ವ್ಲ್ತಾವಾ ನದಿ. ಒಂದು ದಡದಲ್ಲಿ ಗುಡ್ಡ, ಗುಡ್ಡದ ಮೇಲೆ ಕೋಟೆ. ಇನ್ನೊಂದು ದಡ ಸಮತಟ್ಟು, ಅಲ್ಲಿ ಹಳೇ ಪೇಟೆ. ಎರಡನ್ನೂ ಜೋಡಿಸುವುದು ಚಾರ್ಲ್ಸ್ ಸೇತುವೆ. ಇಷ್ಟು ಗೊತ್ತಿದ್ದರೆ ಸಾಕು, ನಕ್ಷೆ ಬೇಡ.

ಈಗ ಜನ ಮಾಡುವುದೇನು? ಹಳೇ ಪೇಟೆಯಿಂದ ಶುರು ಮಾಡುತ್ತಾರೆ. ಸೇತುವೆ ದಾಟುತ್ತಾರೆ. ಮಟಮಟ ಮಧ್ಯಾಹ್ನ ಗುಡ್ಡ ಹತ್ತುತ್ತಾರೆ. ಅಜ್ಜಿಗೆ ಮಂಡಿ ನೋವು, ಮಗು ಎತ್ತಿಕೋ ಅಂತ ರಚ್ಚೆ. ಕೋಟೆ ಬಾಗಿಲು ಮುಟ್ಟುವ ಹೊತ್ತಿಗೆ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ. ಎಷ್ಟು ಸಲ ಹೇಳಿದರೂ ಜನ ಹೀಗೇ ಮಾಡುತ್ತಾರೆ, ನನಗೆ ಯಾಕೆ ಅಂತಲೇ ತಿಳಿಯುವುದಿಲ್ಲ!

ದಯವಿಟ್ಟು ತಿರುಗಾಮುರುಗಾ ಮಾಡಿ. ಹತ್ತೋದು ಟ್ರಾಮಿನಲ್ಲಿ, ಇಳಿಯೋದು ಕಾಲಲ್ಲಿ. ಬೇಕಾದರೆ ಬರೆದಿಟ್ಟುಕೊಳ್ಳಿ.

22ನೇ ನಂಬರಿನ ಟ್ರಾಮ್ ಗುಡ್ಡದ ಮೇಲಕ್ಕೆ ಹೋಗುತ್ತದೆ. ಕೋಟೆಯ ಸ್ಟಾಪ್ ಬಂತು ಅಂತ ಎಲ್ಲರೂ ಇಳಿಯುತ್ತಾರೆ. ನೀವು ಇಳಿಯಬೇಡಿ. ಇನ್ನೂ ಮುಂದೆ ಹೋಗಿ, ಪೊಹೊರ್ಜೆಲೆಟ್ಸ್ ಅನ್ನುವ ಸ್ಟಾಪ್‌ನಲ್ಲಿ ಇಳಿಯಿರಿ. ಪಕ್ಕದಲ್ಲೇ ಸ್ಟ್ರಾಹೋವ್ ಮಠ, 1143ರಲ್ಲಿ ಶುರುವಾದದ್ದು. ಅದರ ಹಿಂದೆ ನಿಂತರೆ ಇಡೀ ಊರು ಕೆಳಗೆ ಹರಡಿಕೊಂಡಿರುತ್ತದೆ. ಮಕ್ಕಳಿಗೆ ತೋರಿಸಿ: ಅಗೋ ನದಿ, ಅಗೋ ಸೇತುವೆ, ಅಲ್ಲಿವರೆಗೂ ಇಳಿಯುತ್ತಾ ಹೋಗೋದು. ಇಳಿಯೋದು ಅಂದ ತಕ್ಷಣ ಮಕ್ಕಳೇ ಮುಂದೆ ಓಡುತ್ತಾರೆ.

ಕೋಟೆಯೊಳಗೆ ಸಂತ ವಿಟಸ್‌ನ ದೊಡ್ಡ ಚರ್ಚ್ ಇದೆ. ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಮನೆ ಕಟ್ಟಿಸಿ ಬೇಸತ್ತವರಿಗೆ ಇದನ್ನು ಕೇಳಿದರೆ ಸಮಾಧಾನ ಆಗುತ್ತದೆ. ಆದರೆ ನಾನು ಮಕ್ಕಳನ್ನು ಕರೆದುಕೊಂಡು ಹೋಗುವುದು ಪಕ್ಕದ ಹಳೇ ಅರಮನೆಗೆ. ಅಲ್ಲಿ ಕುದುರೆ ಸವಾರರು ಕುದುರೆ ಮೇಲೆಯೇ ಹತ್ತಿ ಬರಲು ಕಟ್ಟಿದ ಮೆಟ್ಟಿಲಿದೆ. ಜೊತೆಗೆ ಒಂದು ಕಿಟಕಿ ಇದೆ.

ಈ ಕಿಟಕಿಯ ಕತೆ ಹೇಳಲೇಬೇಕು.

1618ನೇ ಇಸವಿ, ಮೇ 23. ರಾಜಮನೆತನದವರು ಕ್ಯಾಥೊಲಿಕರು. ಇಲ್ಲಿನ ಸರದಾರರಲ್ಲಿ ಬಹಳ ಜನ ಪ್ರೊಟೆಸ್ಟಂಟರು. ನಮ್ಮ ಚರ್ಚುಗಳ ತಂಟೆಗೆ ಬರುತ್ತಿದ್ದಾರೆ ಅಂತ ಸಿಟ್ಟಾಗಿ ಸರದಾರರು ಗುಂಪು ಕಟ್ಟಿಕೊಂಡು ಅರಮನೆಯ ಕಚೇರಿಗೆ ನುಗ್ಗಿದರು. ಅಲ್ಲಿ ರಾಜನ ಕಡೆಯ ಇಬ್ಬರು ಅಧಿಕಾರಿಗಳು, ಸ್ಲಾವಾತಾ ಮತ್ತು ಮಾರ್ಟಿನಿಟ್ಸ್. ಮಾತಿಗೆ ಮಾತು ಬೆಳೆಯಿತು. ಮೊದಲು ಮಾರ್ಟಿನಿಟ್ಸ್‌ನನ್ನು ಎತ್ತಿ ಕಿಟಕಿಯಿಂದ ಆಚೆ ಎಸೆದರು. ಆಮೇಲೆ ಸ್ಲಾವಾತಾ. ಅವನು ಕಿಟಕಿಯ ಅಂಚನ್ನೇ ಗಟ್ಟಿಯಾಗಿ ಹಿಡಿದುಕೊಂಡು ನೇತಾಡಿದ. ಕಠಾರಿಯ ಹಿಡಿಯಿಂದ ಅವನ ಬೆರಳಿನ ಮೇಲೆ ಕುಟ್ಟಿದರು, ಕೈ ಬಿಟ್ಟ. ಅಲ್ಲೇ ಒಬ್ಬ ಗುಮಾಸ್ತ ಇದ್ದ, ಫ್ಯಾಬ್ರಿಷಿಯಸ್ ಅಂತ. ಇರಲಿ ಅಂತ ಅವನನ್ನೂ ಎಸೆದರು. ಸುಮಾರು 20 ಮೀಟರ್ ಎತ್ತರ.

ಮೂವರೂ ಬದುಕಿದರು!

ಹೇಗೆ? ಮೇರಿ ಮಾತೆ ಬಂದು ಕಾಪಾಡಿದಳು ಅಂದರು ಕ್ಯಾಥೊಲಿಕರು. ತಿಪ್ಪೆ ಮೇಲೆ ಬಿದ್ದರು ಅಂದರು ಇನ್ನೊಂದು ಕಡೆಯವರು. ತಿಪ್ಪೆ ಅಂದ ಕೂಡಲೇ ಮಕ್ಕಳು ಕಿಟಕಿಗೆ ಮುಗಿಬಿದ್ದು ಕೆಳಗೆ ಬಗ್ಗಿ ನೋಡುತ್ತಾರೆ. "ಈಗಲೂ ಇದ್ಯಾ?" ಅಂತ ಕೇಳದ ಮಗುವನ್ನು ನಾನು ಕಂಡಿಲ್ಲ. ಆ ಗುಮಾಸ್ತ ಬಟ್ಟೆ ಕೊಡವಿಕೊಂಡು ನೆಟ್ಟಗೆ ವಿಯೆನ್ನಾಗೆ ಹೋಗಿ ಅಲ್ಲಿದ್ದ ರಾಜನಿಗೆ ಸುದ್ದಿ ಮುಟ್ಟಿಸಿದ. ಮುಂದೆ ಅವನಿಗೆ ಸರದಾರನ ಪದವಿಯೂ ಸಿಕ್ಕಿತು. ಬಿರುದು ಏನು ಗೊತ್ತಾ? ಎತ್ತರದಿಂದ ಬಿದ್ದವನು ಅಂತ! ನಾನು ತಮಾಷೆ ಮಾಡುತ್ತಿಲ್ಲ.

ಆದರೆ ಆಮೇಲೆ ನಡೆದದ್ದು ತಮಾಷೆಯಲ್ಲ. ಅಲ್ಲಿಂದ ಹೊತ್ತಿಕೊಂಡ ಯುದ್ಧ ಯುರೋಪಿನಲ್ಲಿ 30 ವರ್ಷ ಉರಿಯಿತು. ಸರದಾರರು 1620ರಲ್ಲೇ ಸೋತರು. ಮರುವರ್ಷ ಜೂನ್ 21ರಂದು ಹಳೇ ಪೇಟೆಯ ಚೌಕದಲ್ಲಿ ಅವರ ಕಡೆಯ 27 ಜನರನ್ನು ಕೊಂದರು. 12 ತಲೆಗಳನ್ನು ಚಾರ್ಲ್ಸ್ ಸೇತುವೆಯ ಗೋಪುರಕ್ಕೆ ನೇತುಹಾಕಿದರು. ವರ್ಷಗಟ್ಟಲೆ ಅಲ್ಲೇ ಇದ್ದವು.

ಈಗ ನೋಡಿ. ಕಿಟಕಿ ಗುಡ್ಡದ ಮೇಲೆ. ಗೋಪುರ ಸೇತುವೆಯ ಆಚೆ ತುದಿಯಲ್ಲಿ. ಚೌಕ ಅದರಾಚೆ. ಅಲ್ಲಿ ಹಳೇ ಪುರಭವನದ ಗೋಡೆ ಪಕ್ಕ ನೆಲದ ಕಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ. ಮಕ್ಕಳು ಎಣಿಸಲಿ. ಮೇಲಿನಿಂದ ಇಳಿದರೆ ಕತೆ ಮೊದಲಿನಿಂದ ಕೊನೆವರೆಗೆ ಸಾಲಾಗಿ ಬರುತ್ತದೆ. ಕೆಳಗಿನಿಂದ ಹತ್ತಿದವರಿಗೆ ಕೊನೆ ಮೊದಲು, ಮೊದಲು ಕೊನೆಗೆ. ಅದಕ್ಕೇ ಹೇಳಿದ್ದು, ಹತ್ತೋದು ಟ್ರಾಮಿನಲ್ಲಿ, ಇಳಿಯೋದು ಕಾಲಲ್ಲಿ.

ಗಾಜಿನ ಆಚೆಯಿಂದ ಬೇಗ ಮುಗಿಸಿ ಅಂತ ಕೈಸನ್ನೆ ಬರುತ್ತಿದೆ. ಸರಿ, ಬೇಗ ಬೇಗ ಹೇಳುತ್ತೇನೆ.

ಕೋಟೆಯಿಂದ ನೆರುಡೋವಾ ಬೀದಿ ಹಿಡಿದು ಇಳಿಯಿರಿ. ಮನೆಗಳಿಗೆ ನಂಬರ್ ಬರುವ ಮೊದಲು ಅಲ್ಲಿ ಬಾಗಿಲ ಮೇಲೆ ಗುರುತು ಕೆತ್ತಿಸುತ್ತಿದ್ದರು. ಎರಡು ಸೂರ್ಯ, ಮೂರು ಪಿಟೀಲು, ಕೆಂಪು ಹದ್ದು, ಎಲ್ಲ ಈಗಲೂ ಇವೆ. ಹುಡುಕಲು ಬಿಡಿ, ಬೀದಿ ಮುಗಿದದ್ದೇ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಚಾರ್ಲ್ಸ್ ಸೇತುವೆ, 30 ವಿಗ್ರಹಗಳು, ಅರ್ಧ ಕಿಲೋಮೀಟರ್ ಉದ್ದ. 1357ನೇ ಇಸವಿ, 9ನೇ ತಾರೀಕು, 7ನೇ ತಿಂಗಳು, 5 ಗಂಟೆ 31 ನಿಮಿಷಕ್ಕೆ ಮುಹೂರ್ತ ಇಟ್ಟು ಮೊದಲ ಕಲ್ಲು ಹಾಕಿದರು ಅಂತ ಹೇಳುತ್ತಾರೆ. 1, 3, 5, 7, 9, 7, 5, 3, 1. ಹಿಂದಿನಿಂದ ಓದಿದರೂ ಅಷ್ಟೇ! ಮುಹೂರ್ತ ನೋಡೋದು ನಮ್ಮವರು ಮಾತ್ರ ಅಂದುಕೊಂಡಿದ್ದಿರಿ, ಅಲ್ವಾ?

ಚೌಕದಲ್ಲಿ 1410ರ ಗಡಿಯಾರ ಇದೆ. ಗಂಟೆ ಹೊಡೆಯುವಾಗ ಅಸ್ಥಿಪಂಜರದ ಬೊಂಬೆ ಗಂಟೆ ಎಳೆಯುತ್ತದೆ, ಕೋಳಿ ಕೂಗುತ್ತದೆ, ಒಂದು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಅದಕ್ಕಾಗಿ ಅರ್ಧ ಗಂಟೆ ಮೊದಲೇ ಹೋಗಿ ಕತ್ತು ಎತ್ತಿಕೊಂಡು ನಿಲ್ಲಬೇಡಿ. ಮಾಂಸ ತಿನ್ನದವರಿಗೆ ಕರಿದ ಚೀಸ್ ಎಲ್ಲ ಕಡೆ ಸಿಗುತ್ತದೆ.

ನೆಲವೆಲ್ಲ ಸಣ್ಣ ಸಣ್ಣ ಕಲ್ಲು. ಅಜ್ಜಿಯರು ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳಿ, ಸೀರೆಗೆ ಚೆನ್ನಾಗಿ ಕಾಣಲ್ಲ ಅನ್ನಬೇಡಿ. ಸಣ್ಣ ಚಕ್ರದ ತಳ್ಳುಗಾಡಿ ಅಲ್ಲಿ ಗಡಗಡ ಅಲ್ಲಾಡುತ್ತದೆ, ಮಗು ನಿದ್ದೆ ಮಾಡಲ್ಲ. ಟ್ರಾಮಿನ ಟಿಕೆಟ್ ಕಾಗದದ್ದಾದರೆ ಕೊಂಡುಕೊಂಡರೆ ಮಾತ್ರ ಸಾಲದು, ಹತ್ತಿದ ಕೂಡಲೇ ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು. ಒತ್ತಿಸದಿದ್ದರೆ ಮಾಮೂಲಿ ಬಟ್ಟೆ ಹಾಕಿಕೊಂಡು ಬರುವ ತಪಾಸಣೆಯವರು ದಂಡ ಹಾಕುತ್ತಾರೆ. ಮುದ್ರೆ ಒತ್ತಿಸುವ ಕೆಲಸ ಮೊಮ್ಮಗನಿಗೇ ಕೊಡಿ.

ನಮಸ್ಕಾರ.