ಹೇಳಿದ್ದು ಯಾರು?

ಕೇಳುಗರಿಗೆ ನಮಸ್ಕಾರ.

ನನ್ನ ಮಾವ, ಅಂದರೆ ಗಂಡನ ತಂದೆ, ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಜೆಪ್ಪುವಿನಲ್ಲಿ ಹೆಂಚು ಸುಡಲು ಶುರುಮಾಡಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಆಸುಪಾಸಿನಲ್ಲಿ ಅಂಥ ಕಾರ್ಖಾನೆಗಳು ಒಂದೊಂದಾಗಿ ಎದ್ದವಲ್ಲ, ಅಂಥದೊಂದರಲ್ಲಿ. ಗೂಡಿನಿಂದ ತೆಗೆದ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ನಾದ ಕೇಳಿ, ಬೆಂದಿದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ಮದುವೆಯಾದ ಹೊಸದರಲ್ಲಿ ನನ್ನನ್ನೂ ಹಾಗೇ ತಟ್ಟಿ ನೋಡಿದರು ಅನ್ನಿ. ಕಳೆದ ಮಳೆಗಾಲದಲ್ಲಿ ತೀರಿಕೊಂಡರು.

ಅವರಿಗೊಬ್ಬ ತಮ್ಮ. ಜಾಗದ ಗಡಿಯ ವಿಷಯಕ್ಕೆ ಅಣ್ಣನನ್ನೇ ಕೋರ್ಟಿಗೆ ಎಳೆದವರು. ಆ ತಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದಾಗ, ಮಾವ ಶನಿವಾರ ಸಂಜೆಯಾದರೆ ಸಾಕು, ರೇಜರು ಸೋಪು ಹಿಡಿದು ಹೊರಡುತ್ತಿದ್ದರು, ತಮ್ಮನ ಗಡ್ಡ ತೆಗೆಯಲು. ಮನಸ್ಸು ಕರಗಿತ್ತು ಅಂದುಕೊಳ್ಳಬೇಡಿ. ಹೋಗುವಾಗ ಗೊಣಗುವರು, ಬಂದ ಮೇಲೆ ಇನ್ನಷ್ಟು. "ಅವನಿಗೆ ಇನ್ನೂ ಬುದ್ಧಿ ಬರ್ಲಿಲ್ಲ ಮಾರಾಯ್ತಿ!"

ಒಮ್ಮೆ ಕೇಳಿಯೇಬಿಟ್ಟೆ: "ಇಷ್ಟು ಸಿಟ್ಟಿದ್ದರೆ ಯಾಕೆ ಹೋಗ್ತೀರಿ ಮಾವ? ಕ್ಷಮಿಸಬೇಕು ಅಂತ ಬೈಬಲಿನಲ್ಲಿ ಉಂಟು ಅಂತಲಾ?"

ಚಪ್ಪಲಿ ಕಳಚುತ್ತಾ ಅಂದರು: "ಹೇಳಿದ್ದು ಯಾರು ಅಂತ ನೋಡ್ಬೇಕಲ್ಲ. ಬೇರೆ ಯಾರಾದ್ರೂ ಹೇಳಿದ್ರೆ ನಾನು ಹೋಗ್ತಿದ್ದೆನಾ?"

ನಾನು ಬೆಳೆದದ್ದು ಹೆದರಿಕೆಯಲ್ಲಿ. ಸಂಡೇ ಸ್ಕೂಲಿನಲ್ಲಿ ಹತ್ತು ಆಜ್ಞೆಗಳೂ ಬಾಯಿಪಾಠ. ತಪ್ಪಿದರೆ ಏನಾದೀತು ಎಂಬುದು ಅದಕ್ಕಿಂತ ಚೆನ್ನಾಗಿ ಬಾಯಿಪಾಠ. ಬೈಬಲಿನ ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ ಆಜ್ಞೆಗಳಿಗೂ ಮೊದಲು ದೇವರು ಇನ್ನೊಂದು ಮಾತು ಆಡುತ್ತಾನೆ: ಐಗುಪ್ತದ, ಅಂದರೆ ಈಜಿಪ್ಟಿನ, ದಾಸತ್ವದಿಂದ ನಿನ್ನನ್ನು ಬಿಡಿಸಿ ತಂದವನು ನಾನೇ ಎಂದು. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಒಪ್ಪಿಸುವ ಆತುರದಲ್ಲಿ ಮಕ್ಕಳು ನಾವು ಆ ಸಾಲನ್ನು ಹಾರಿಸಿಬಿಡುತ್ತಿದ್ದೆವು.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯವೂ ನನಗೀಗ ಬೇರೆಯಾಗಿ ಕೇಳಿಸುತ್ತದೆ. ಮಹಾಯಾಜಕನ ಅಂಗಳದಲ್ಲಿ ಕೆಂಡದ ಮುಂದೆ ಮೈ ಕಾಯಿಸಿಕೊಳ್ಳುತ್ತಾ, ಯೇಸುವನ್ನು ನಾನರಿಯೆ ಎಂದು ಮೂರು ಸಲ ಹೇಳಿದವನು ಅವನ ಶಿಷ್ಯ ಪೇತ್ರ. ತಿಬೇರಿಯ ಸಮುದ್ರದ ದಡದಲ್ಲಿ, ಸತ್ತು ಮತ್ತೆ ಎದ್ದು ಬಂದ ಅದೇ ಯೇಸು ಕೆಂಡದ ಮೇಲೆ ಮೀನು ಸುಟ್ಟು ಅವನಿಗೆ ಬೆಳಗಿನ ಊಟ ಬಡಿಸುತ್ತಾನೆ. ಊಟವಾದ ಮೇಲೂ ಹಳೆಯ ಲೆಕ್ಕ ತೆಗೆಯುವುದಿಲ್ಲ, ಇನ್ನು ಮುಂದೆ ಹಾಗೆ ಮಾಡಬೇಡ ಎನ್ನುವುದೂ ಇಲ್ಲ. ಕೇಳುವುದು ಒಂದೇ: ನನ್ನನ್ನು ಪ್ರೀತಿಸುತ್ತೀಯಾ? ಹೌದು ಎಂದ ಮೇಲೆಯೇ ಕೆಲಸ ಒಪ್ಪಿಸುವುದು, ನನ್ನ ಕುರಿಗಳನ್ನು ಮೇಯಿಸು ಎಂದು. ಮೂರನೆಯ ಸಲ ಕೇಳಿದಾಗ ಪೇತ್ರನಿಗೆ ಬೇಸರವಾಯಿತಂತೆ. ಆಗಲಿ, ಬೇಸರವಾದರೂ ಅವನು ಹೌದೆಂದೇ ಹೇಳಿದ.

ದೇವರ ಮೇಲೆ ಪ್ರೀತಿಯಿದ್ದರೆ ಹೇಳಿದ್ದೆಲ್ಲ ಹೂವೆತ್ತಿದಂತೆ ಆಗುತ್ತದೆ ಎಂದು ಚರ್ಚಿನ ಪ್ರಸಂಗಗಳಲ್ಲಿ ಕೇಳಿದ್ದೇನೆ. ಮಾವನನ್ನು ನೋಡಿದ ಮೇಲೆ ಅದನ್ನು ನಂಬುವುದು ನನಗೆ ಕಷ್ಟ. ಅವರಿಗೆ ತಮ್ಮನ ಮೇಲಿದ್ದದ್ದು ಸಿಟ್ಟೇ, ಪ್ರೀತಿ ಇದ್ದದ್ದು ಕ್ಷಮಿಸು ಎಂದವನ ಮೇಲೆ. ಆ ಪ್ರೀತಿಯೇ ಅವರನ್ನು ಶನಿವಾರ ಶನಿವಾರ ಮನೆಯಿಂದ ಎಬ್ಬಿಸುತ್ತಿತ್ತು, ಜಡಿಮಳೆಯಲ್ಲೂ. ವರ್ಷಗಳು ಕಳೆದ ಮೇಲೆ ಗೊಣಗಾಟ ತುಸು ಕಡಿಮೆಯಾಗಿತ್ತು, ನಿಂತಿರಲಿಲ್ಲ.

ಈಗ ಗಡ್ಡ ತೆಗೆಯಲು ನನ್ನ ಗಂಡ ಹೋಗುತ್ತಾರೆ. ಚಿಕ್ಕಮಾವ ಇವತ್ತಿಗೂ ಗಡಿಯ ವಿಷಯ ಬಿಟ್ಟಿಲ್ಲ. ಮೊನ್ನೆಯಂತೂ, ನಿನ್ನ ಅಪ್ಪನಷ್ಟು ನಯವಾಗಿ ತೆಗೆಯಲು ನಿನಗೆ ಬರುವುದಿಲ್ಲ ಎಂದು ಗದರಿ ಕಳಿಸಿದರು.

ನಮಸ್ಕಾರ.