ಎಲೆಯ ಕಷಾಯ, ಸತುವಿನ ಪುಡಿ, ಬಣ್ಣದ ನೀರು

ಕೇಳುಗರೇ, ನಮಸ್ಕಾರ.

ನೀರಿನಲ್ಲಿ ಕರಗಿದ ಬಣ್ಣವನ್ನು ಬಟ್ಟೆಯಲ್ಲೋ ಕಾಗದದಲ್ಲೋ ಸೋಸಿ ತೆಗೆಯಲು ಆಗುವುದಿಲ್ಲ. ಅದನ್ನು ಒಡೆಯುವುದು ಒಂದು ದಾರಿ. ಆ ಕೆಲಸಕ್ಕೆ ಸತುವಿನ ಆಕ್ಸೈಡಿನ ನ್ಯಾನೊ ಕಣಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಬಳಸಬಹುದು. ಅವನ್ನು ಎಲೆಯ ಕಷಾಯದಿಂದಲೇ ಮಾಡಬಹುದು.

ಬೇವಿನದೋ ಇನ್ನಾವುದೋ ಎಲೆ ತೊಳೆದು, ಹೆಚ್ಚಿ, ಕುದಿಸಿ ಸೋಸುತ್ತಾರೆ. ಕಷಾಯಕ್ಕೆ ಸತುವಿನ ಲವಣವಾದ ಜಿಂಕ್ ನೈಟ್ರೇಟ್ ಹಾಕಿ, ಕದಡುತ್ತಾ ಕಾಯಿಸುತ್ತಾರೆ. ನೀರು ಆರಿ ಅದು ಮುದ್ದೆಯಾಗುತ್ತದೆ. ಆ ಮುದ್ದೆಯನ್ನು ಕುಲುಮೆಯಲ್ಲಿ ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಎಲೆಯ ಅಂಶ ಉರಿದುಹೋಗಿ ತೆಳು ಬಣ್ಣದ ಪುಡಿ ಉಳಿಯುತ್ತದೆ. ಇದನ್ನು ‘ಹಸಿರು ವಿಧಾನ’ ಅನ್ನುತ್ತಾರೆ. ಕುಲುಮೆಗೆ ಸುರಿದ ಕರೆಂಟಿನ ಲೆಕ್ಕ ಮಾತ್ರ ಯಾರೂ ಜಾಸ್ತಿ ಎತ್ತುವುದಿಲ್ಲ!

ಎಲೆ ಮಾಡುವುದಾದರೂ ಏನು? ಬೆಳ್ಳಿಯ ಕಣ ಮಾಡುವಾಗ ಎಲೆಯಲ್ಲಿರುವ ಪಾಲಿಫಿನಾಲ್ ಎಂಬ ಸಾವಯವ ವಸ್ತುಗಳು ಎಲೆಕ್ಟ್ರಾನ್ ಕೊಟ್ಟು ಲೋಹವನ್ನು ಹೊರತರುತ್ತವೆ. ಸತುವಿನ ಆಕ್ಸೈಡಿನಲ್ಲಿ ಹಾಗಲ್ಲ. ಸತುವಿನ ವಿದ್ಯುದಂಶ ಮೊದಲೂ ಅಷ್ಟೇ, ಕೊನೆಗೂ ಅಷ್ಟೇ. ಇಲ್ಲಿ ಎಲೆಯ ಅಂಶ ಸತುವಿನ ಅಯಾನುಗಳನ್ನು (ವಿದ್ಯುದಂಶವಿರುವ ಪರಮಾಣುಗಳನ್ನು) ಹಿಡಿದುಕೊಂಡು, ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗದಂತೆ ತಡೆಯುತ್ತದೆ. ದಪ್ಪವಾದರೆ ನಷ್ಟ. ಒಂದು ಸೆಂಟಿಮೀಟರ್ ಘನದ ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ಘನಗಳಾಗಿ ಕತ್ತರಿಸಿದರೆ 600 ಚದರ ಮೀಟರ್! ಬಣ್ಣ ಒಡೆಯುವುದು ಆ ಮೈಮೇಲೇ ಅಲ್ವಾ?

ಪುಡಿಯ ಮೇಲೆ ನೇರಳಾತೀತ ಬೆಳಕು ಬಿದ್ದಾಗ ಒಳಗಿನ ಎಲೆಕ್ಟ್ರಾನ್ ಜಿಗಿಯುತ್ತದೆ. ನೀರು, ಆಮ್ಲಜನಕದಿಂದ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ನಂತಹ ಉಗ್ರ ಕಣಗಳು ಹುಟ್ಟಿ ಬಣ್ಣದ ಅಣುವನ್ನು ಕಚ್ಚಿ ತುಂಡುಮಾಡುತ್ತವೆ. ಆದರೆ ನೆಲ ಮುಟ್ಟುವ ಬಿಸಿಲಿನಲ್ಲಿ ನೇರಳಾತೀತ ಭಾಗ ನೂರಕ್ಕೆ ಐದರ ಆಸುಪಾಸು ಮಾತ್ರ.

ಪ್ರಯೋಗಾಲಯದಲ್ಲಿ ಹೆಚ್ಚಾಗಿ ಪರೀಕ್ಷೆಗೆ ಸಿಗುವುದು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ. ಮೊದಲು ಪುಡಿ ಹಾಕಿ ಕತ್ತಲಲ್ಲಿ ಇಡುತ್ತಾರೆ. ಪುಡಿಗೆ ಸುಮ್ನೆ ಅಂಟಿಕೊಳ್ಳುವ ಬಣ್ಣ ಅಂಟಿಕೊಂಡುಬಿಡಲಿ ಅಂತ. ಆಮೇಲೆ ಬೆಳಕು. ನೀಲಿ ಮಾಯವಾಗುತ್ತದೆ. ಆದರೆ ಈ ಬಣ್ಣಕ್ಕೆ ಒಂದು ಚಾಳಿಯಿದೆ. ಎಲೆಕ್ಟ್ರಾನ್ ಸಿಕ್ಕರೆ ಒಡೆಯದೆಯೇ ಬಣ್ಣ ಕಳೆದುಕೊಂಡು, ಗಾಳಿ ತಗುಲಿದಾಗ ಮತ್ತೆ ನೀಲಿಯಾಗುತ್ತದೆ. ನಿಜವಾಗಿ ಒಡೆದರೂ ತುಂಡುಗಳು ನೀರಿನಲ್ಲೇ ಇರಬಹುದು. ಹಾಗಾಗಿ ಬಣ್ಣ ನೋಡಿ ನಂಬಬೇಡಿ, ಉಳಿದ ಒಟ್ಟು ಸಾವಯವ ಇಂಗಾಲ ಎಷ್ಟು ಅಂತ ಕೇಳಿ; ಬಣ್ಣವಿಲ್ಲದ ತುಂಡುಗಳೂ ಆ ಲೆಕ್ಕಕ್ಕೆ ಸಿಗುತ್ತವೆ.

ಪುಡಿಯನ್ನು ವಾಪಸ್ ತೆಗೆಯುವುದು ಇನ್ನೊಂದು ತಲೆನೋವು. ಆಮ್ಲೀಯ ನೀರಿನಲ್ಲಿ ಸತುವಿನ ಆಕ್ಸೈಡ್ ತಾನೇ ಕರಗಿ ನೀರು ಸೇರುತ್ತದೆ. ಕಬ್ಬಿಣದ ಆಕ್ಸೈಡಾದ ಮ್ಯಾಗ್ನೆಟೈಟ್ ವಾಪಸ್ ತೆಗೆಯುವ ವಿಷಯದಲ್ಲಿ ವಾಸಿ. ಅದು ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷವನ್ನು ಮೈಗೆ ಅಂಟಿಸಿಕೊಳ್ಳುತ್ತದೆ, ಅಯಸ್ಕಾಂತ ಹಿಡಿದರೆ ಒಂದು ಕಡೆ ಬಂದು ಸೇರುತ್ತದೆ. ಹಾಗೆ ಸೇರಿದ ಪುಡಿ ಮಾತ್ರ ಈಗ ವಿಷದ ಪುಡಿ. ಅದನ್ನು ಎಲ್ಲಿ ಹಾಕುವುದು ಅನ್ನುವುದನ್ನು ನೀರಿಗೆ ಸುರಿಯುವ ಮೊದಲೇ ತೀರ್ಮಾನಿಸಬೇಕು.